ಸಿಟ್ಟು ನುಂಗಬೇಡಿ, ಪಳಗಿಸಿ

'ಹೆಣ್ಣು ಅಂದ ಮೇಲೆ ತಾಳ್ಮೆ ಇರಬೇಕು ಕಣಮ್ಮ.' ಈ ಮಾತನ್ನು ನೀವು ಎಷ್ಟು ಸಲ ಕೇಳಿಲ್ಲ ಹೇಳಿ? ಅಜ್ಜಿ ಹೇಳಿದರು, ಅಮ್ಮ ಹೇಳಿದರು, ಮದುವೆಯಾದ ಮೇಲೆ ಅತ್ತೆಯೂ ಹೇಳಿದರು. ಆದರೆ ತಾಳ್ಮೆ ತಂದುಕೊಳ್ಳೋದು ಹೇಗೆ ಅಂತ ಯಾರಾದರೂ ಹೇಳಿಕೊಟ್ಟರಾ?

ಹೋಳಿಗೆ ಬರದ ಹುಡುಗಿಗೆ ಕಣಕ ಎಷ್ಟು ನೆನೆಯಬೇಕು, ಹೂರಣ ಎಷ್ಟು ಗಟ್ಟಿ ಇರಬೇಕು ಅಂತ ಪಕ್ಕದಲ್ಲೇ ನಿಂತು ಕಲಿಸುತ್ತೇವೆ. ಸಿಟ್ಟು, ದುಃಖದ ವಿಷಯ ಬಂದಾಗ ಮಾತ್ರ ಬರೀ ಉಪದೇಶ. ನುಂಗಿ ನುಂಗಿ ಒಂದು ದಿನ ತಡೆಯಲಾರದೆ ಮಗುವಿನ ಬೆನ್ನಿಗೆ ಬಾರಿಸಿದರೆ 'ಇವಳಿಗೆ ಮೂಗಿನ ತುದೀಲೇ ಕೋಪ' ಎಂಬ ಹಣೆಪಟ್ಟಿ.

ನನ್ನ ಪ್ರಕಾರ ಭಾವನೆಗಳನ್ನು ನಿಭಾಯಿಸೋದು ಹುಟ್ಟುಗುಣವಲ್ಲ, ಕಲಿಯಬಹುದಾದ ವಿದ್ಯೆ. ಇದನ್ನೇ ಚಿಕಿತ್ಸೆಯಾಗಿ ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್. ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ ಅಂತ ಅದರ ಹೆಸರು. ಪದೇ ಪದೇ ತಮಗೆ ತಾವೇ ಹಾನಿ ಮಾಡಿಕೊಳ್ಳುತ್ತಿದ್ದ ಮಹಿಳೆಯರಿಗಾಗಿ ಹುಟ್ಟಿದ ಚಿಕಿತ್ಸೆ ಇದು. 1991ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದಲ್ಲೇ ಅಂಥ ಪ್ರಯತ್ನಗಳು ಕಡಿಮೆಯಾದದ್ದು ಕಂಡುಬಂತು. 2011ರಲ್ಲಿ ಲಿನೆಹಾನ್ ಇನ್ನೊಂದು ಸಂಗತಿಯನ್ನೂ ಬಹಿರಂಗವಾಗಿ ಹೇಳಿದರು: ಹದಿನೇಳನೇ ವಯಸ್ಸಿನಲ್ಲಿ ತಾವೇ ಮಾನಸಿಕ ಆಸ್ಪತ್ರೆ ಸೇರಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದರಂತೆ!

'ನೀನು ಬದಲಾಗು' ಅಂತ ಮಾತ್ರ ಹೇಳಿದರೆ ನೊಂದವಳಿಗೆ ಬೈದ ಹಾಗಾಗುತ್ತದೆ. 'ಪಾಪ, ನೀನಿರೋದೇ ಹೀಗೆ' ಅಂದರೆ ಏನೂ ಬದಲಾಗೋದಿಲ್ಲ. 'ನಿನ್ನ ನೋವು ನಿಜ, ಆದರೂ ಹೊಸದಾಗಿ ಕಲಿಯೋಣ' ಎಂದು ಎರಡನ್ನೂ ಒಟ್ಟಿಗೆ ಹೇಳುವುದೇ ಇದರ ತಿರುಳು. ಇದರಲ್ಲಿ ಕಲಿಸೋದು ನಾಲ್ಕು ಪಾಠ.

ಮೊದಲನೆಯದು ಗಮನಿಸೋದು. 'ನಾನೇ ಸಿಡುಕಿ' ಅನ್ನುವ ಬದಲು 'ಈಗ ನನಗೆ ಸಿಟ್ಟು ಬರ್ತಿದೆ, ಎದೆ ಹೊಡ್ಕೋತಿದೆ' ಅಂತ ಗುರುತಿಸಿ. ಸಿಟ್ಟು ಬೇರೆ, ನೀವು ಬೇರೆ ಎಂಬುದು ಆಗ ಅರಿವಿಗೆ ಬರುತ್ತದೆ.

ಎರಡನೆಯದು ಆ ಗಳಿಗೆಯನ್ನು ದಾಟೋದು. ಸಿಟ್ಟು ನೆತ್ತಿಗೇರಿದಾಗ ಯಾವ ಬುದ್ಧಿಮಾತೂ ಕಿವಿಗೆ ಹೋಗಲ್ಲ. ಒಂದು ಬೇಸಿನ್‌ನಲ್ಲಿ ತಣ್ಣೀರು ತುಂಬಿ, ಉಸಿರು ಹಿಡಿದು, ಅರ್ಧ ನಿಮಿಷದವರೆಗೆ ಮುಖ ಮುಳುಗಿಸಿ. ಮುಖಕ್ಕೆ ತಣ್ಣೀರು ತಾಕಿದರೆ ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ಅದು ದೇಹದ ಸಹಜ ಗುಣ. ಹೃದಯದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ಮೂರನೆಯದು ಭಾವನೆಯ ಬೇರು ಹುಡುಕೋದು. ನಾದಿನಿ ಫೋನ್ ಎತ್ತಲಿಲ್ಲ ಅಂದ ಕೂಡಲೇ 'ನನ್ನ ಕಂಡರೆ ಅವಳಿಗೆ ಆಗಲ್ಲ' ಅಂದುಕೊಳ್ಳುತ್ತೀರಲ್ಲ, ಅದು ನಡೆದ ಸಂಗತಿಯೋ, ನಿಮ್ಮ ಊಹೆಯೋ? ಊಹೆಯಾದರೆ ಮುನಿಸಿಕೊಂಡು ದೂರ ಸರಿಯುವ ಬದಲು ನೀವೇ ಇನ್ನೊಮ್ಮೆ ಫೋನ್ ಮಾಡಿ. ಹಾಗೆಯೇ ಊಟ, ನಿದ್ದೆ ಕೆಟ್ಟರೆ ಮನಸ್ಸೂ ಕೆಡುತ್ತದೆ. ಎಲ್ಲರಿಗೂ ಬಡಿಸಿ, ಹನ್ನೊಂದು ಗಂಟೆಗೆ ಆರಿದ ಉಪ್ಪಿಟ್ಟು ತಿನ್ನುವವರು ಇದನ್ನು ಇನ್ನೊಮ್ಮೆ ಓದಿ!

ನಾಲ್ಕನೆಯದೇ ನನಗೆ ಬಹಳ ಮುಖ್ಯ ಅನ್ನಿಸಿದ್ದು: ಕೇಳೋದು, 'ಇಲ್ಲ' ಅನ್ನೋದು. ರಾತ್ರಿ ಪಾತ್ರೆ ಕುಕ್ಕಿ ಸದ್ದು ಮಾಡುವ ಬದಲು ಹೀಗೆ ಹೇಳಿ ನೋಡಿ: 'ರೀ, ಈ ವಾರ ಎರಡು ಸಲ ಹೇಳದೇ ನೆಂಟರನ್ನ ಊಟಕ್ಕೆ ಕರ್ಕೊಂಡು ಬಂದ್ರಿ. ನಂಗೆ ತುಂಬಾ ಸುಸ್ತಾಯ್ತು. ಇನ್ಮೇಲೆ ಬೆಳಗ್ಗೇನೇ ತಿಳಿಸಿ. ಆಗ ನಾನೂ ನಗ್ತಾ ಬಡಿಸ್ತೀನಿ.' ನಡೆದದ್ದು, ಅನ್ನಿಸಿದ್ದು, ಬೇಕಾದದ್ದು, ಅದರಿಂದಾಗುವ ಒಳ್ಳೆಯದು. ನಾಲ್ಕೇ ವಾಕ್ಯ. ಎಂದೋ ನಡೆದ ಮದುವೆ ಮಾತುಕತೆಯನ್ನೆಲ್ಲ ಎಳೆದು ತರುವ ಅಗತ್ಯವಿಲ್ಲ.

'ಇದೂ ಅಡ್ಜಸ್ಟ್ ಮಾಡಿಕೋ ಅನ್ನೋ ಹಳೇ ಸೀರೆಗೆ ಹೊಸ ಫಾಲ್ಸ್ ಹಚ್ಚಿದ ಹಾಗಲ್ವಾ?' ಅಂತ ನೀವು ಕೇಳಬಹುದು. ಖಂಡಿತ ಅಲ್ಲ. ಒಪ್ಪಿಕೊಳ್ಳೋದು ಅಂದರೆ 'ಹೀಗಿದೆ' ಅಂತ ಕಣ್ತೆರೆದು ನೋಡೋದು. 'ಹೀಗೇ ಇರಲಿ' ಅಂತ ತಲೆಬಾಗೋದಲ್ಲ. ಹೊಡೆಯುವ ಗಂಡನನ್ನು ಸಹಿಸಿಕೊಳ್ಳಲು ಯಾವ ಥೆರಪಿಯೂ ಕಲಿಸಬಾರದು. ಅಂಥ ಮನೆಯಲ್ಲಿ ಬದಲಾಗಬೇಕಾದವರು ನೀವಲ್ಲ. ಅಂಥವರಿಗೆ ಮಹಿಳಾ ಸಹಾಯವಾಣಿ 181 ಇದೆ.

ಇಲ್ಲಿ ಹೇಳಿದ್ದು ದಿನನಿತ್ಯದ ಸಿಡಿಮಿಡಿಗೆ ಸಾಕು. ಆದರೆ ಅದೇ ಪೂರ್ತಿ ಚಿಕಿತ್ಸೆಯಲ್ಲ. ಪೂರ್ತಿ ಡಿಬಿಟಿ ಎಂದರೆ ಸಾಮಾನ್ಯವಾಗಿ ಒಂದು ವರ್ಷದ ಸಾಧನೆ. ವಾರಕ್ಕೊಮ್ಮೆ ಥೆರಪಿಸ್ಟ್ ಜೊತೆ ಮಾತುಕತೆ, ವಾರಕ್ಕೊಮ್ಮೆ ಗುಂಪಿನಲ್ಲಿ ಪಾಠ, ನಡುವೆ ಕಷ್ಟ ಎದುರಾದರೆ ಫೋನಿನಲ್ಲಿ ಸಲಹೆ. ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಹೋದಾಗ ಇದರಲ್ಲಿ ತರಬೇತಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರಂತೂ ಒಂದು ದಿನವೂ ಕಾಯಬೇಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟನ್ನು ನೀವು ಕಲಿತರೆ ಮನೆಯಲ್ಲಿ ಇನ್ನೊಬ್ಬರಿಗೂ ಕಲಿಸಬಹುದು. ಮಗಳಿಗೆ ಹೋಳಿಗೆ ತಟ್ಟಲು ಕಲಿಸುವಾಗ ಸಿಟ್ಟು ಪಳಗಿಸೋದನ್ನೂ ಹೇಳಿಕೊಡಿ. ಮಗನನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಿ, ಎರಡಕ್ಕೂ.