ಸಾಲ ಮಾಡಿ ಕ್ಯಾಮೆರಾ ಕೊಳ್ಳಬೇಡಿ

ಊರಿನ ಸುದ್ದಿ ಬರೆಯಲು ಹೊರಟ ಹುಡುಗರು ಮೊದಲು ಕೇಳುವುದೇ, "ಯಾವ ಕ್ಯಾಮೆರಾ ತಗೊಳ್ಳಲಿ ಅಣ್ಣಾ?" ಸಾಲ ಮಾಡಿ ಯಾವುದನ್ನೂ ತಗೋಬೇಡಿ. ಆಲಿಕಲ್ಲು ಮಳೆಗೆ ಬೆಳೆ ನೆಲಕಚ್ಚಿದರೆ ಫಸಲ್ ಬಿಮಾ ಮಾಡಿಸಿದವರು 72 ಗಂಟೆಯೊಳಗೆ ತಿಳಿಸಬೇಕು. ಆಗ ಹೊಲದಲ್ಲಿ ಕೈಗೆ ಸಿಗುವುದು ಜೇಬಿನ ಫೋನೇ. ಲೊಕೇಶನ್ ಆನ್ ಮಾಡಿ ತೆಗೆದರೆ ಜಾಗ, ಸಮಯ ಎರಡೂ ಫೋಟೊದಲ್ಲೇ ದಾಖಲಾಗುತ್ತವೆ. ವಾಟ್ಸಾಪಿನಲ್ಲಿ ಕಳಿಸುವಾಗ ಮಾತ್ರ ಡಾಕ್ಯುಮೆಂಟ್ ಆಗಿ ಕಳಿಸಿ. ಬರೀ ಫೋಟೊ ಆಗಿ ಕಳಿಸಿದರೆ ಆ ಗುರುತು ಅಳಿಸಿಹೋಗುತ್ತದೆ.

ರಾತ್ರಿ ಬಯಲಾಟದ ಮಾತು ಬೇರೆ. ಹಿಂದೆ ಕೂತು ಫೋನಿನಲ್ಲಿ ಝೂಮ್ ಎಳೆದರೆ ವೇಷಧಾರಿಯ ಮುಖ ಹಿಟ್ಟು ಕಲಸಿದಂತೆ ಕಾಣುತ್ತದೆ. ಅಲ್ಲಿ ದೊಡ್ಡ ಸೆನ್ಸರ್, ಉದ್ದನೆಯ ಲೆನ್ಸ್ ಬೇಕೇ ಬೇಕು. ಪೇಟೆಯ ಸ್ಟುಡಿಯೊದವರನ್ನು ಒಂದು ರಾತ್ರಿಗೆ ಬಾಡಿಗೆಗೆ ಕೇಳಿ ನೋಡಿ, ಬೆಳಿಗ್ಗೆ ವಾಪಸ್ ಕೊಟ್ಟರಾಯಿತು.