ಎಣ್ಣೆ ಹೊಡೆಯುವ ಮುನ್ನ ಚಿತ್ರ ತೆಗೆಯಿರಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ರೈತ ಬಾಂಧವರೇ, ಹೊಲದಲ್ಲಿ ಚಿಟ್ಟೆ, ಹುಳುಗಳ ಚಿತ್ರ ತೆಗೆಯುವುದು ಪಟ್ಟಣದವರ ಹವ್ಯಾಸವೆಂದು ನೀವು ನಗಬಹುದು. ಅದು ನಿಮಗೇ ಹೆಚ್ಚು ಬೇಕೆಂಬುದು ನನ್ನ ಅಭಿಪ್ರಾಯ.

2002ರ ಸುಮಾರಿಗೆ ಕಬ್ಬಿಗೆ ಬಿದ್ದ ಬಿಳಿ ಉಣ್ಣೆ ಹೇನನ್ನು ನೀವು ಮರೆತಿರಲಾರಿರಿ. ಎಲೆಯ ತಳಭಾಗವೆಲ್ಲ ಅರಳೆ ಮೆತ್ತಿದಂತೆ ಕಾಣುತ್ತಿತ್ತು. ಅದನ್ನು ಹತೋಟಿಗೆ ತಂದವುಗಳಲ್ಲಿ ಡೈಫಾ ಎಂಬ ಪತಂಗದ ಮರಿಹುಳುವೂ ಒಂದು. ಹೇನುಗಳ ನಡುವೆಯೇ ನೂಲಿನ ಬಲೆ ಹೆಣೆದುಕೊಂಡು ಅವನ್ನೇ ತಿನ್ನುತ್ತದೆ. ನೋಡುವವರ ಕಣ್ಣಿಗೆ ಮಾತ್ರ ಅದೂ ಒಂದು ಕೀಡೆ! ಕೀಡೆ ಕಂಡೊಡನೆ ಪಂಪು ಬೆನ್ನಿಗೇರಿಸಿದರೆ ಸಾಯುವುದು ನಮ್ಮ ಕಡೆಯ ಆಳು.

ದಾಳಿಂಬೆಯಲ್ಲಿ ಇದಕ್ಕೆ ತಿರುಗುಮುರುಗು. ಹೂವು, ಎಳೆಗಾಯಿಗಳ ಸುತ್ತ ಸುಳಿದಾಡುವ ಚೆಂದದ ಚಿಕ್ಕ ಚಿಟ್ಟೆಯೇ ಅಲ್ಲಿ ಮೊಟ್ಟೆಯಿಡುತ್ತದೆ. ಅದರ ಮರಿ ಕಾಯಿ ಕೊರೆಯುತ್ತದೆ.

ಜೇಬಿನಲ್ಲಿರುವ ಮೊಬೈಲೇ ಸಾಕು. ಬೆಳಗಿನ ತಂಪಿನಲ್ಲಿ ಕೀಟಗಳು ಮಂದವಾಗಿರುತ್ತವೆ. ನಿಮ್ಮ ನೆರಳು ಅವುಗಳ ಮೇಲೆ ಬೀಳದಂತೆ ನಿಧಾನವಾಗಿ ಸಮೀಪಿಸಿರಿ. ಕುಳಿತು ಮೊಣಕೈಯನ್ನು ಮೊಣಕಾಲಿಗೆ ಊರಿದರೆ ಚಿತ್ರ ಅಲುಗದು. ಗೋವಿನಜೋಳದ ಹುಳುವಾದರೆ ತಲೆ, ಹಿಂಭಾಗ ಎರಡೂ ಸ್ಪಷ್ಟವಾಗಿರಲಿ. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಹಿಂಭಾಗದಲ್ಲಿ ಚೌಕಾಕಾರದ ನಾಲ್ಕು ಚುಕ್ಕೆಗಳಿದ್ದರೆ ಅದು 2018ರಲ್ಲಿ ಕರ್ನಾಟಕಕ್ಕೆ ಬಂದ ಫಾಲ್ ಸೈನಿಕ ಹುಳು.

ಹುಳುವನ್ನು ಕಿತ್ತು ಅಂಗೈಯಲ್ಲಿಟ್ಟು ತೆಗೆದ ಚಿತ್ರದಿಂದ ನಮಗೆ ಅಷ್ಟು ಪ್ರಯೋಜನವಿಲ್ಲ. ಬೆಳೆಯ ಯಾವ ಭಾಗದ ಮೇಲಿತ್ತೆಂಬುದೇ ತಿಳಿಯದು. ಕುಳಿತಲ್ಲಿಯೇ ತೆಗೆಯಿರಿ, ತಿಂದ ಎಲೆಯದೂ ಒಂದಿರಲಿ. ಅದನ್ನು ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿದ ಮೇಲೆಯೇ ಔಷಧಿಯ ಅಂಗಡಿಗೆ ಹೋಗಿರಿ.