ನಮ್ಮ ‘ಏ’ಕಾರವೂ ಅವರ ‘ಓನ್ಲಿ’ಯೂ

ಸಿಕಂದರಾಬಾದಿನ ಯಾವುದಾದರೂ ಸ್ಪೋಕನ್ ಇಂಗ್ಲಿಷ್ ತರಗತಿಯ ಬಾಗಿಲಲ್ಲಿ ಹತ್ತು ನಿಮಿಷ ನಿಂತರೆ ‘ಓನ್ಲಿ’ ಎಂಬ ಪದ ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ. ‘ಐ ಆಮ್ ಹಿಯರ್ ಓನ್ಲಿ’, ‘ಯೆಸ್ಟರ್‌ಡೇ ಓನ್ಲಿ ಐ ಟೋಲ್ಡ್’, ‘ಹಿ ಈಸ್ ಲೈಕ್ ದಟ್ ಓನ್ಲಿ’. ಮೇಷ್ಟ್ರು ತಡೆದು ‘ಇದು ತಪ್ಪು’ ಎನ್ನುತ್ತಾರೆ. ಯಾಕೆ ತಪ್ಪು ಎಂದು ಹುಡುಗ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಮರುದಿನ ಅವನು ಮತ್ತೆ ಅದನ್ನೇ ಹೇಳುತ್ತಾನೆ.

ಅವನು ತೆಲುಗಿನವನಾದರೆ ಮನಸ್ಸಿನಲ್ಲಿ ‘ಇಕ್ಕಡೇ ಉನ್ನಾನು’ ಎಂದುಕೊಂಡಿರುತ್ತಾನೆ. ದಖ್ಖನಿ ಮಾತಾಡುವ ಹಳೇ ಊರಿನವನಾದರೆ ‘ಯಹೀಂಚ್ ಹೂಂ’. ಕಲಬುರಗಿಯಿಂದಲೋ ರಾಯಚೂರಿನಿಂದಲೋ ರೈಲು ಹತ್ತಿ ಬಂದ ನಮ್ಮವನಾದರೆ ‘ಇಲ್ಲೇ ಇದ್ದೀನಿ’. ತೆಲುಗಿಗೂ ಕನ್ನಡಕ್ಕೂ ‘ಏ’, ದಖ್ಖನಿಗೆ ಮರಾಠಿಯಿಂದ ಬಂದ ‘ಚ್’, ಹಿಂದಿ ಉರ್ದುಗಳಿಗೆ ‘ಹೀ’. ಊರಿನ ಅಷ್ಟೂ ಭಾಷೆಗಳು ಒತ್ತಿ ಹೇಳುವುದಕ್ಕೆ ಒಂದು ಪುಟ್ಟ ಬಾಲ ಇಟ್ಟುಕೊಂಡಿವೆ. ಇಂಗ್ಲಿಷಿಗೆ ಹೋಗುವಾಗ ಎಲ್ಲ ಬಾಲಗಳೂ ‘ಓನ್ಲಿ’ಯಾಗುತ್ತವೆ. ಇದು ಅಜ್ಞಾನವಲ್ಲ. ವ್ಯಾಕರಣದಲ್ಲಿ ಇದಕ್ಕೆ ಅವಧಾರಣೆ ಎಂಬ ಹೆಸರಿದೆ, ನಾವೆಲ್ಲ ಶಾಲೆಯಲ್ಲಿ ಅವಧಾರಣಾರ್ಥಕಾವ್ಯಯ ಎಂದು ಬಾಯಿಪಾಠ ಮಾಡಿದ್ದೇವೆ. ಆ ಪಾಠವನ್ನು ಇಂಗ್ಲಿಷ್ ತರಗತಿಗೆ ಯಾರೂ ತರಲಿಲ್ಲ, ಅಷ್ಟೇ.

ತೊಂದರೆ ಇರುವುದು ‘ಏ’ ಒಂದು ಕೆಲಸ ಮಾಡುವ ಪ್ರತ್ಯಯವಲ್ಲ ಎಂಬಲ್ಲಿ. ‘ಅವನೇ ಬಂದ’ ಎಂದರೆ ಬೇರೆ ಯಾರೂ ಅಲ್ಲ, ಅವನು. ‘ಇಲ್ಲೇ ಇದೆ’ ಎಂದರೆ ದೂರವಿಲ್ಲ. ‘ಆಗಲೇ ಬಂದ’ ಎಂದರೆ ಬಂದು ಹೊತ್ತಾಯಿತು. ‘ಎಂಟಕ್ಕೇ ಬಂದ’ ಎಂದರೆ ನಾವು ಎಣಿಸಿದ್ದಕ್ಕಿಂತ ಬೇಗ ಬಂದ. ಈ ಕೊನೆಯದನ್ನು ‘ಹಿ ಕೇಮ್ ಅಟ್ ಏಟ್ ಓನ್ಲಿ’ ಎಂದು ನೋಡಿ. ಹೊರಗಿನ ಇಂಗ್ಲಿಷ್ ಕಿವಿಗೆ ಅದು ‘ಎಂಟಾಗುವ ತನಕ ಬರಲೇ ಇಲ್ಲ’ ಎಂದು ಕೇಳಿಸಬಹುದು. ಬೇಗ ಬಂದವನು ತಡವಾಗಿ ಬಂದವನಾದ.

ಇದನ್ನು ಆಸ್ಪತ್ರೆಗೆ ಒಯ್ದು ನೋಡಿ. ‘ಎದೆನೋವು ಬೆಳಿಗ್ಗೆಯೇ ಶುರುವಾಯಿತು’ ಎಂಬುದನ್ನು ಫೋನಿನ ಆ ಕಡೆ ಇರುವ ವೈದ್ಯರಿಗೆ ‘ಇನ್ ದ ಮಾರ್ನಿಂಗ್ ಓನ್ಲಿ’ ಎಂದರೆ, ಅವರು ಈ ಕಡೆಯ ಭಾಷೆ ತಿಳಿಯದವರಾಗಿದ್ದರೆ, ‘ಬೆಳಿಗ್ಗೆ ಮಾತ್ರ ಬರುವ ನೋವು’ ಎಂದು ಬರೆದುಕೊಳ್ಳಬಹುದು. ಎಷ್ಟು ಹೊತ್ತಾಯಿತು ಎಂಬುದೇ ಮುಖ್ಯವಾದ ಕಾಯಿಲೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಇಲ್ಲಿ ಚೀನೀಯರ ಕಡೆ ಒಮ್ಮೆ ನೋಡಬೇಕು. ನಾವು ಧ್ವನಿಯಲ್ಲೂ ಸಂದರ್ಭದಲ್ಲೂ ಬಿಡುವುದನ್ನು ಅವರು ಎರಡು ಪದಗಳಲ್ಲಿ ಹಂಚಿಕೊಂಡಿದ್ದಾರೆ. ಎಂಟಕ್ಕೇ ಬಂದ ಎನ್ನಲು ‘ಜಿಯು’, ಎಂಟಕ್ಕಷ್ಟೇ ಬರುವುದಾಯಿತು ಎನ್ನಲು ‘ತ್ಸಾಯ್’. ಮೊದಲನೆಯದರಲ್ಲಿ ಬೇಗ, ಎರಡನೆಯದರಲ್ಲಿ ತಡ. ‘ಇಲ್ಲೇ ಇದ್ದೀನಿ’ ಎನ್ನುವಲ್ಲಿಯೂ ಅವರು ‘ಜಿಯು’ ಬಳಸುತ್ತಾರೆ. ನಮ್ಮ ‘ಏ’ಗೆ ಅದು ದೂರದ ನೆಂಟ ಎನ್ನಬಹುದು. ಹಾಗೆಂದು ಅವರಿಗೆ ಇಂಗ್ಲಿಷ್ ಸುಲಭವಲ್ಲ. ‘ತ್ಸಾಯ್’ ಸುಮ್ಮನೆ ಕ್ರಿಯಾಪದದ ಮುಂದೆ ಕೂತುಬಿಡುತ್ತದೆ. ‘ಓನ್ಲಿ ದೆನ್’ ಎಂದು ವಾಕ್ಯ ಆರಂಭಿಸಿದ ಮೇಲೆ ‘ಡಿಡ್ ಐ’ ಎಂದು ತಿರುಗಿಸಬೇಕೆಂಬುದು ಅವರಿಗೂ ಮರೆಯುತ್ತದೆ, ನಮಗೂ ಮರೆಯುತ್ತದೆ. ಆದರೆ ತಮ್ಮ ಸಣ್ಣ ಪದಗಳನ್ನು ಅವರು ಸಣ್ಣವೆಂದು ಬಿಟ್ಟಿಲ್ಲ. ಲ್ಯೂ ಶುಶಿಯಾಂಗ್ ಸಂಪಾದಕತ್ವದಲ್ಲಿ 1980ರಲ್ಲಿ ಬಂದ ‘ಆಧುನಿಕ ಚೀನೀ ಭಾಷೆಯ ಎಂಟುನೂರು ಪದಗಳು’ ಎಂಬ ನಿಘಂಟು ಬಹುಪಾಲು ಇಂಥ ಪದಗಳ ಬಳಕೆಯನ್ನೇ ಬಿಡಿಸಿಟ್ಟಿದೆ.

ಕಲಿಯುವವನ ಭಾಷೆಯನ್ನೂ ಕಲಿಸುವ ಭಾಷೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ರಾಬರ್ಟ್ ಲ್ಯಾಡೊ 1957ರಲ್ಲೇ ಪುಸ್ತಕ ಬರೆದರು. ಮರುವರ್ಷ ಹೈದರಾಬಾದಿನಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಶುರುವಾಯಿತು. ಇಂದು ತಾರ್ನಾಕಾದ ಬಳಿ ಇರುವ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯ ಅದೇ. ದೇಶದ ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡುವ ಸಂಸ್ಥೆ ಇರುವ ಊರಿನಲ್ಲೇ, ಅದರಿಂದ ನಾಲ್ಕು ಹೆಜ್ಜೆ ದೂರದ ಕೋಚಿಂಗ್ ಕೋಣೆಗಳಲ್ಲಿ ತಾಯ್ನುಡಿ ಎಂದರೆ ತೊಳೆದು ತೆಗೆಯಬೇಕಾದ ಕಲೆ. ಕಾಲ್ ಸೆಂಟರ್‌ನವರು ಅದಕ್ಕೆ ‘ಎಂಟಿಐ’ ಎಂಬ ಹೆಸರನ್ನೇ ಇಟ್ಟಿದ್ದಾರೆ. ಬಿಡಿಸಿ ಹೇಳಿದರೆ ತಾಯ್ನುಡಿಯ ಪ್ರಭಾವ. ಹೆಸರು ಕೇಳಿದರೆ ಯಾವುದೋ ಸೋಂಕಿನಂತಿದೆ.

ಇದಕ್ಕೆ ಎದುರಾಗಿ ಒಂದು ಮಾತಿದೆ. ‘ಇದು ಭಾರತೀಯ ಇಂಗ್ಲಿಷ್, ಅದರ ಪಾಡಿಗೆ ಬಿಡಿ’ ಎಂದು. ನನಗೂ ಅದು ಅರ್ಧ ಒಪ್ಪಿಗೆ. ಭಾಷಾವಿಜ್ಞಾನಿಗಳು ಈ ‘ಓನ್ಲಿ’ಗೂ ನಿಯಮವಿದೆ ಎಂದು ತೋರಿಸಿದ್ದಾರೆ. 2007ರಲ್ಲಿ ರಮಾ ಬಿಜಾಪುರ್ಕರ್ ಭಾರತದ ಗ್ರಾಹಕರ ಕುರಿತ ತಮ್ಮ ಪುಸ್ತಕಕ್ಕೆ ‘ವಿ ಆರ್ ಲೈಕ್ ದಟ್ ಓನ್ಲಿ’ ಎಂದೇ ಹೆಸರಿಟ್ಟರು, ಓದಿದವರು ಖುಷಿಪಟ್ಟರು. ಆದರೆ ಹಾಗೆ ಆಡಿ ನಗುವ ಸ್ವಾತಂತ್ರ್ಯ ಇರುವುದು ಇನ್ನೊಂದು ರೀತಿಯಲ್ಲೂ ಹೇಳಬಲ್ಲವರಿಗೆ. ಒಂದೇ ರೀತಿ ಗೊತ್ತಿರುವ ಹುಡುಗಿ ಸಂದರ್ಶನದಲ್ಲಿ ಅದೇ ವಾಕ್ಯ ಹೇಳಿದರೆ ಕೆಲಸ ಕೈತಪ್ಪುತ್ತದೆ. ಇಬ್ಬರ ಬಾಯಲ್ಲೂ ಒಂದೇ ಪದ. ಒಬ್ಬರದ್ದು ಚಮತ್ಕಾರ, ಇನ್ನೊಬ್ಬರದ್ದು ಕೊರತೆ.

ಹಾಗಾಗಿ ತಿದ್ದಬೇಕು, ಆದರೆ ನಾಚಿಕೆಪಡಿಸಿ ಅಲ್ಲ. ಹುಡುಗ ‘ಓನ್ಲಿ’ ಎಂದಾಗ ಮೇಷ್ಟ್ರು ಒಂದೇ ಪ್ರಶ್ನೆ ಕೇಳಲಿ: ‘ನಿನ್ನ ಭಾಷೆಯಲ್ಲಿ ಹೇಳು, ಯಾವ ಏ?’ ‘ಇಲ್ಲೇ’ಯ ಏ ಆದರೆ ‘ರೈಟ್ ಹಿಯರ್’. ‘ಆಗಲೇ’ಯ ಏ ಆದರೆ ‘ಆಲ್ರೆಡಿ’. ‘ಎಂಟಕ್ಕೇ’ಯ ಏ ಆದರೆ ‘ಆಸ್ ಅರ್ಲಿ ಆಸ್’. ‘ಅವನೇ’ ಎಂಬಲ್ಲಿ ಎಷ್ಟೋ ಸಲ ಪದವೇ ಬೇಡ, ‘ಹಿ’ ಎಂಬುದನ್ನು ಒತ್ತಿ ಹೇಳಿದರೆ ಆಯಿತು. ‘ಮಾತ್ರ’ ಎಂದು ಬದಲಿಸಿದರೂ ಅರ್ಥ ಕೆಡದಿದ್ದರೆ, ಆಗ ಧಾರಾಳವಾಗಿ ‘ಓನ್ಲಿ’.

ಇದಕ್ಕೆ ಬೇಕಿರುವುದು ಒಂದು ತರಗತಿ, ಒಂದು ಕಪ್ಪುಹಲಗೆ. ಜೊತೆಗೆ, ಹುಡುಗನ ಬಾಯಲ್ಲಿ ಈಗಾಗಲೇ ಒಂದು ವ್ಯಾಕರಣ ಇದೆ ಎಂದು ಒಪ್ಪಿಕೊಳ್ಳುವ ಮನಸ್ಸು.